ಉಳಿದ 98 ರೂಪಾಯಿಯ ಲೆಕ್ಕ

(ವಾಣಿಜ್ಯ ವಿಭಾಗದ ವಾರ್ಷಿಕ ದತ್ತಿ ಉಪನ್ಯಾಸದ ಪಠ್ಯ)



ಒಬ್ಬರು ತಮ್ಮ ಗಳಿಕೆಯಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆಯಾದರೂ ನಾಲ್ಕು ಜನ ಕೂತು ಯೋಚಿಸಲಿ ಎಂದು ಮಾಡಿದ ಏರ್ಪಾಡು ದತ್ತಿ ಉಪನ್ಯಾಸ. ಅಂಥ ವೇದಿಕೆಯಿಂದ ಕಂಪನಿಗಳ ಹೊಣೆಗಾರಿಕೆಯ ಬಗ್ಗೆ ಮಾತನಾಡಿ ಎಂದಿರಿ. ಒಪ್ಪಿಕೊಂಡೆ. ಆದರೆ ವಿಷಯವನ್ನು ಸ್ವಲ್ಪ ಕಿರಿದು ಮಾಡಿಕೊಂಡಿದ್ದೇನೆ. ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ನೀತಿಬೋಧೆ ನನ್ನ ಕಸುಬಲ್ಲ. ಸುಸ್ಥಿರತಾ ವರದಿ ಎಂಬ ಹೊಸ ಬಗೆಯ ಲೆಕ್ಕಪತ್ರದ ಬಗ್ಗೆ ಉದ್ಯಮಿಗಳು ನನ್ನ ಮುಂದಿಡುವ ಪ್ರಶ್ನೆ ಒಂದೇ: "ಇದರಿಂದ ನಮಗೇನು ಲಾಭ ಸಾರ್?" ಈ ಪ್ರಶ್ನೆಯನ್ನು ಸ್ವಾರ್ಥವೆಂದು ತಳ್ಳಿಹಾಕದೆ, ನೇರವಾಗಿ ಎತ್ತಿಕೊಂಡು ಉತ್ತರ ಹುಡುಕುವುದು ಇವತ್ತಿನ ನನ್ನ ಕೆಲಸ.

1. ಎರಡು ರೂಪಾಯಿಯ ಕಾನೂನು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಂಪನಿಯ ಹೊಣೆಗಾರಿಕೆ ಎಂದೊಡನೆ ನಮಗೆ ನೆನಪಾಗುವುದು ಸಿಎಸ್‌ಆರ್: ಸರ್ಕಾರಿ ಶಾಲೆಗೆ ಬೆಂಚು, ಆಸ್ಪತ್ರೆಗೆ ಆಂಬುಲೆನ್ಸ್, ಊರಿಗೊಂದು ಶುದ್ಧ ಕುಡಿಯುವ ನೀರಿನ ಘಟಕ, ಅದರ ಮೇಲೊಂದು ಫಲಕ. ಇದರ ಹಿಂದಿರುವುದು 2013ರ ಕಂಪನಿ ಕಾಯ್ದೆಯ 135ನೇ ಕಲಮು. 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದು ಇದ್ದರೂ ಸಾಕು. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಕಂಪನಿ ಸಮಾಜಕ್ಕಾಗಿ ಖರ್ಚು ಮಾಡಬೇಕು.

ಒಳ್ಳೆಯ ಕಾನೂನು. ಆದರೆ ಅದು ನೂರು ರೂಪಾಯಿ ಲಾಭದಲ್ಲಿ ಎರಡು ರೂಪಾಯಿ ಎಲ್ಲಿ ಹೋಯಿತು ಎಂದು ಮಾತ್ರ ಕೇಳುತ್ತದೆ. ಉಳಿದ 98 ರೂಪಾಯಿ ಬಂದ ದಾರಿ ಯಾವುದು? ಯಾವ ಕೆರೆಯ ನೀರು ಹೀರಿ, ಎಷ್ಟು ಡೀಸೆಲ್ ಸುಟ್ಟು, ಎಷ್ಟು ಕೈಬೆರಳು ಕಳೆದು, ಯಾರಿಗೆ ಕೊಡಬೇಕಾದ ಹಣವನ್ನು ಎಷ್ಟು ದಿನ ತಡೆದು ಆ ಲಾಭ ಬಂತು? ಇದನ್ನು ಕೇಳುವುದು ಸುಸ್ಥಿರತಾ ವರದಿ. ಕಾಯಕ ಮೊದಲು ಶುದ್ಧವಾಗಿರಬೇಕು, ದಾಸೋಹ ಆಮೇಲಿನದು ಎಂಬ ಕ್ರಮವನ್ನು ಹನ್ನೆರಡನೇ ಶತಮಾನದಿಂದ ಬಲ್ಲ ನಾಡಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬಗೆಯ ಪ್ರಶ್ನೆ ಹೊರದೇಶದಿಂದ ಬಂದದ್ದು ಎನ್ನುವವರಿದ್ದಾರೆ. ಆದರೆ ಕಾನೂನು ಯಾವುದೂ ಕೇಳದಿದ್ದಾಗಲೇ, 1979ರಲ್ಲಿ, ಜೆ.ಆರ್.ಡಿ. ಟಾಟಾ ಅವರು ಟಾಟಾ ಸ್ಟೀಲ್ ಕಂಪನಿಯ ಸಾಮಾಜಿಕ ನಡವಳಿಕೆಯನ್ನು ಹೊರಗಿನವರಿಂದ ತಪಾಸಣೆ ಮಾಡಿಸಿದರು. ಅದಕ್ಕಾಗಿ ನೇಮಿಸಿದ ಸಮಿತಿಯ ಅಧ್ಯಕ್ಷತೆ ವಹಿಸಿದ್ದವರು ನ್ಯಾಯಮೂರ್ತಿ ಎಸ್.ಪಿ. ಕೋತ್ವಾಲ್. ಕಂಪನಿ ತಾನೇ ತನ್ನ ಬೆನ್ನು ತಟ್ಟಿಕೊಳ್ಳದೆ, ಬೇರೆಯವರನ್ನು ಒಳಗೆ ಕರೆದು "ನೋಡಿ ಹೇಳಿ" ಎಂದದ್ದು ಅಲ್ಲಿನ ವಿಶೇಷ. ಈ ಮಾತಿಗೆ ಮತ್ತೆ ಬರುತ್ತೇನೆ.

2. ಸೆಬಿಯ ಪ್ರಶ್ನೆಗಳು

ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2011ರಲ್ಲಿ ಒಂಬತ್ತು ತತ್ವಗಳ ಸ್ವಯಂಪ್ರೇರಿತ ಮಾರ್ಗಸೂಚಿ ಹೊರಡಿಸಿತು. ಅದರ ಆಧಾರದ ಮೇಲೆ 2012ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ, ಅಲ್ಲಿನ ಅತಿ ದೊಡ್ಡ 100 ಕಂಪನಿಗಳು ವಾರ್ಷಿಕ ವರದಿಯ ಜೊತೆ ಹೊಣೆಗಾರಿಕೆಯ ವರದಿಯನ್ನೂ ಕೊಡಬೇಕೆಂದಿತು. ಮುಂದೆ ಅದು 500ಕ್ಕೆ, ಬಳಿಕ 1,000ಕ್ಕೆ ಏರಿತು. 2021ರ ಮೇ ತಿಂಗಳಲ್ಲಿ ಹಳೆಯ ನಮೂನೆಯನ್ನು ಬದಿಗಿಟ್ಟು ಬಿಆರ್‌ಎಸ್‌ಆರ್ ಎಂಬ ಹೊಸ ನಮೂನೆ ತಂದರು. 2022-23ರಿಂದ ಮೊದಲ 1,000 ಕಂಪನಿಗಳಿಗೆ ಅದು ಕಡ್ಡಾಯ. ಹಳೆಯದರಲ್ಲಿ ಬಹುಪಾಲು "ನಿಮಗೊಂದು ನೀತಿ ಇದೆಯೇ?" ಎಂಬ ಧಾಟಿಯ ಪ್ರಶ್ನೆಗಳಿದ್ದವು. "ಇದೆ" ಎಂದು ಬರೆದರೆ ಮುಗಿಯಿತು. ಹೊಸದು ಅಂಕಿ ಕೇಳುತ್ತದೆ.

ಯಾವ ಅಂಕಿ? ಒಂದು ರೂಪಾಯಿ ವಹಿವಾಟಿಗೆ ಎಷ್ಟು ಇಂಧನ ಖರ್ಚಾಯಿತು. ನೀರು ನದಿಯದೋ, ಬೋರ್‌ವೆಲ್ಲಿನದೋ, ಹೊರಗಿನಿಂದ ತರಿಸಿದ್ದೋ, ಯಾವುದರಿಂದ ಎಷ್ಟು. ಕಾಯಂ ನೌಕರರೆಷ್ಟು, ಗುತ್ತಿಗೆಯವರೆಷ್ಟು, ಅವರಲ್ಲಿ ಕನಿಷ್ಠ ವೇತನಕ್ಕಿಂತ ಹೆಚ್ಚು ಪಡೆಯುವವರೆಷ್ಟು. ಹತ್ತು ಲಕ್ಷ ದುಡಿಮೆಯ ಗಂಟೆಗಳಿಗೆ ಕೆಲಸ ನಿಲ್ಲುವಂಥ ಅಪಘಾತಗಳೆಷ್ಟು. ಲೈಂಗಿಕ ಕಿರುಕುಳದ ದೂರುಗಳೆಷ್ಟು, ಎತ್ತಿಹಿಡಿದವೆಷ್ಟು. ಸಣ್ಣ ಊರುಗಳಲ್ಲಿ ಕೊಟ್ಟ ಸಂಬಳದ ಪಾಲೆಷ್ಟು. ಮಾಲು ಕೊಟ್ಟವರಿಗೆ ಹಣ ಪಾವತಿಸಲು ಸರಾಸರಿ ಎಷ್ಟು ದಿನ ತೆಗೆದುಕೊಂಡಿರಿ.

ಈ ಕೊನೆಯ ಪ್ರಶ್ನೆಯನ್ನು ಸಣ್ಣ ಕೈಗಾರಿಕೆಯವರು ಗಮನಿಸಬೇಕು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಸೇರಬೇಕು. ಕಾಯ್ದೆ ಪುಸ್ತಕದಲ್ಲಿದೆ, ಬಿಲ್ಲು ಮೇಜಿನ ಮೇಲೆ ಮಲಗಿರುತ್ತದೆ. ಈಗ ದೊಡ್ಡ ಕಂಪನಿ ಎಷ್ಟು ದಿನಕ್ಕೆ ಹಣ ಕೊಡುತ್ತದೆ ಎಂಬುದನ್ನು ಅದರ ವರದಿ ತೆರೆದು ನೀವೇ ಓದಬಹುದು. ಆರ್ಡರ್ ಹಿಡಿಯುವ ಮುನ್ನ ನೋಡಬಹುದು. ವರದಿಯ ಪ್ರಯೋಜನ ಬರೆದವರಿಗಷ್ಟೇ ಅಲ್ಲ, ಅವರೊಡನೆ ವ್ಯವಹರಿಸುವವರಿಗೂ ಇದೆ.

3. ಅಳೆದಾಗ ಕಾಣುವ ಹಣ

ಈಗ ಲಾಭದ ಪ್ರಶ್ನೆಗೆ ಬರೋಣ. ಪೀಣ್ಯದಲ್ಲೊಂದು ಯಂತ್ರಭಾಗಗಳ ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ಮಾಲೀಕರಿಗೆ ಬರುವ ಬೆಸ್ಕಾಂ ಬಿಲ್ಲು ಗೊತ್ತು. ಆ ಕರೆಂಟು ಯಾವ ಯಂತ್ರಕ್ಕೆ ಎಷ್ಟು ಹೋಯಿತು ಎಂಬುದು ಗೊತ್ತಿಲ್ಲ. ಅವರಿಂದ ಮಾಲು ಕೊಳ್ಳುವ ದೊಡ್ಡ ಕಂಪನಿ ಒಂದು ದಿನ ಪ್ರಶ್ನಾವಳಿ ಕಳಿಸುತ್ತದೆ: ನಿಮ್ಮ ವಿದ್ಯುತ್ ಬಳಕೆ, ಡೀಸೆಲ್ ಬಳಕೆ ತಿಳಿಸಿ. ಕಿರಿಕಿರಿ ಎನಿಸಿದರೂ ಮಾಲೀಕರು ಅಳೆಯಲು ಕೂರುತ್ತಾರೆ.

ಮೊದಲು ಏರ್ ಕಂಪ್ರೆಸರ್ ಹಿಡಿಯಲಿ. ಭಾನುವಾರ ಗಾಳಿ ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ, ಕಂಪ್ರೆಸರ್ ಒಂದನ್ನೇ ಓಡಿಸಿ, ಕೈಯಲ್ಲಿ ಗಡಿಯಾರ ಹಿಡಿದು ನಿಂತರೆ ಸಾಕು. ಯಾರೂ ಗಾಳಿ ಬಳಸುತ್ತಿಲ್ಲವಾದ್ದರಿಂದ, ಒಮ್ಮೆ ಒತ್ತಡ ತುಂಬಿದ ಮೇಲೆ ಅದು ಮತ್ತೆ ಲೋಡ್ ಆಗಬಾರದು. ಆದರೆ ಒಂದೂವರೆ ನಿಮಿಷ ಲೋಡ್, ನಾಲ್ಕೂವರೆ ನಿಮಿಷ ಅನ್‌ಲೋಡ್, ಮತ್ತೆ ಒಂದೂವರೆ ನಿಮಿಷ ಲೋಡ್ ಆಗುತ್ತಿದ್ದರೆ, ಆರು ನಿಮಿಷದಲ್ಲಿ ಒಂದೂವರೆ ನಿಮಿಷ, ಅಂದರೆ ಕಂಪ್ರೆಸರಿನ ಸಾಮರ್ಥ್ಯದ ಶೇ. 25ರಷ್ಟು, ಪೈಪಿನ ಸಂದುಗಳಲ್ಲಿ ಸೋರಿಹೋಗುತ್ತಿದೆ ಎಂದಾಯಿತು. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಗಳಲ್ಲಿ ಶೇ. 20ರಿಂದ 30ರಷ್ಟು ಸೋರಿಕೆ ಸಾಮಾನ್ಯ. ಕಂಪ್ರೆಸರ್ 30 ಕಿಲೋವ್ಯಾಟಿನದು, ಎರಡು ಪಾಳಿ, ವರ್ಷಕ್ಕೆ 4,800 ಗಂಟೆ ಓಡುತ್ತದೆ ಎಂದು ಹಿಡಿದರೆ ಸೋರಿದ ಕರೆಂಟು 36,000 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದರೂ 2,52,000 ರೂಪಾಯಿ. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಅಂದರೆ 25 ಟನ್. ಪ್ರಶ್ನಾವಳಿ ಕೇಳಿದ್ದು ಆ 25 ಟನ್ನನ್ನು, ಮಾಲೀಕರ ಕಣ್ಣಿಗೆ ಬಿದ್ದದ್ದು ಎರಡೂವರೆ ಲಕ್ಷ. ಲೆಕ್ಕದ ಸಾಲು ಮಾತ್ರ ಒಂದೇ. ಬಿಗಿ ಮಾಡಬೇಕಾದದ್ದು ನಾಲ್ಕಾರು ಕಪ್ಲಿಂಗು, ಬದಲಿಸಬೇಕಾದದ್ದು ಒಂದಿಷ್ಟು ಹೋಸ್‌ಪೈಪು.

ಸಣ್ಣವರ ಕಥೆ ಹೀಗಾದರೆ ದೊಡ್ಡವರದ್ದೊಂದು ನೋಡೋಣ. 2008ರ ಸುಮಾರಿಗೆ ಇನ್ಫೊಸಿಸ್ ತಲಾ ಒಬ್ಬ ಉದ್ಯೋಗಿಗೆ ಎಷ್ಟು ವಿದ್ಯುತ್ ಖರ್ಚಾಗುತ್ತಿದೆ ಎಂದು ಲೆಕ್ಕ ಇಡಲು ತೊಡಗಿತು. ಅಲ್ಲಿನ ಒಂದು ಪ್ರಯೋಗ ಲೆಕ್ಕಿಗನಾದ ನನಗೆ ಬಹಳ ಇಷ್ಟ. ಹೈದರಾಬಾದಿನ ಪೋಚಾರಂ ಆವರಣದಲ್ಲಿ ಕಟ್ಟಿದ ಸಾಫ್ಟ್‌ವೇರ್ ಬ್ಲಾಕನ್ನು ನಡುವೆ ಸರಿಪಾಲು ಮಾಡಿದರು. ಒಂದು ಅರ್ಧಕ್ಕೆ ರೂಢಿಯ ಎ.ಸಿ., ಅದೂ ಚೆನ್ನಾಗಿ ವಿನ್ಯಾಸ ಮಾಡಿದ್ದೇ. ಇನ್ನೊಂದು ಅರ್ಧದಲ್ಲಿ ಕಾಂಕ್ರೀಟ್ ತಾರಸಿಯೊಳಗೇ ಕೊಳವೆ ಹುದುಗಿಸಿ, ಅದರಲ್ಲಿ ತಂಪು ನೀರು ಹರಿಸುವ ವ್ಯವಸ್ಥೆ. ಅದೇ ಗಾಜು, ಅದೇ ಬಿಸಿಲು, ಅದೇ ಬಗೆಯ ಕೆಲಸ. ಮೀಟರು ಮಾತ್ರ ಬೇರೆ ಬೇರೆ. ಎರಡು ವರ್ಷದ ಅಂಕಿ ಸೇರಿದಾಗ ತಂಪು ನೀರಿನ ಅರ್ಧ ಶೇ. 34ರಷ್ಟು ಕಡಿಮೆ ವಿದ್ಯುತ್ ತಿಂದಿತ್ತು. ಕಟ್ಟುವ ಖರ್ಚೂ ಹೆಚ್ಚಾಗಿರಲಿಲ್ಲ. ಈ ಫಲಿತಾಂಶವನ್ನು ಬಚ್ಚಿಡದೆ 2014ರಲ್ಲಿ ಎಂಜಿನಿಯರುಗಳ ವೃತ್ತಿಪತ್ರಿಕೆಯಲ್ಲಿ ಪ್ರಕಟಿಸಿದರು. 2020ರ ಹೊತ್ತಿಗೆ ಕಂಪನಿಯ ತಲಾ ವಿದ್ಯುತ್ ಬಳಕೆ 2008ಕ್ಕೆ ಹೋಲಿಸಿದರೆ ಅರ್ಧಕ್ಕೂ ಕೆಳಗೆ ಇಳಿದಿತ್ತು.

ಅಳೆಯುವ ಅಭ್ಯಾಸ ಇಲ್ಲದಿದ್ದರೆ ಈ ಪ್ರಯೋಗವೇ ನಡೆಯುತ್ತಿರಲಿಲ್ಲ. ನನ್ನ ಮುಖ್ಯ ಮಾತು ಇಲ್ಲಿದೆ: ವರದಿಯ ಬೆಲೆ ಇರುವುದು ಅದನ್ನು ಅಚ್ಚು ಹಾಕುವ ಮುನ್ನ ನಡೆಯುವ ಅಳತೆಯಲ್ಲಿ, ಮತ್ತು ಆ ಅಳತೆಯನ್ನು ಇನ್ನೊಬ್ಬರು ಬಂದು ಪರೀಕ್ಷಿಸಬಹುದು ಎಂಬುದರಲ್ಲಿ. ಉಳಿದದ್ದೆಲ್ಲ ಕಾಗದ.

4. ಸಾಲ ಕೊಡುವವನ ಕಣ್ಣು

ಉಳಿತಾಯ ಮೊದಲನೆಯ ಲಾಭ. ಎರಡನೆಯದು ಬಂಡವಾಳದ್ದು. ಸಾಲ ಕೊಡುವವನು ತನಗೆ ಕಾಣದ ಅಪಾಯಕ್ಕೂ ಬಡ್ಡಿ ಹಾಕುತ್ತಾನೆ. ಬೇಸಿಗೆಯಲ್ಲಿ ನೀರಿಲ್ಲದೆ ಕಾರ್ಖಾನೆ ನಿಲ್ಲಬಹುದೇ, ಮಾಲಿನ್ಯ ನಿಯಂತ್ರಣ ಮಂಡಳಿ ಬೀಗ ಹಾಕಬಹುದೇ ಎಂಬುದೆಲ್ಲ ಅವನ ಚಿಂತೆ. ಅಪಾಯದ ಅಳತೆಯನ್ನು ಅವನ ಮುಂದಿಟ್ಟರೆ ಮಾತುಕತೆಗೆ ಒಂದು ಆಧಾರ ಸಿಗುತ್ತದೆ.

2021ರಲ್ಲಿ ನಮ್ಮ ಎರಡು ದೊಡ್ಡ ಕಂಪನಿಗಳು ಹೊರದೇಶದ ಹೂಡಿಕೆದಾರರಿಗೆ ಹೊಸ ಬಗೆಯ ಬಾಂಡು ಮಾರಿದವು. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆ ಇರುವ ಅಲ್ಟ್ರಾಟೆಕ್ 40 ಕೋಟಿ ಡಾಲರ್ ಎತ್ತಿತು. ಕರಾರು ಏನೆಂದರೆ, 2017ಕ್ಕೆ ಹೋಲಿಸಿ 2030ರೊಳಗೆ ಸಿಮೆಂಟಿನ ಪ್ರತಿ ಟನ್ನಿಗೆ ಹೊಮ್ಮುವ ಇಂಗಾಲವನ್ನು ಶೇ. 22.2ರಷ್ಟು ಇಳಿಸಬೇಕು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಸ್ಟೀಲ್ 50 ಕೋಟಿ ಡಾಲರ್ ಎತ್ತಿತು; ಅದರ ಗುರಿ, 2030ಕ್ಕೆ ಒಂದು ಟನ್ ಕಚ್ಚಾ ಉಕ್ಕಿಗೆ 1.95 ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊಮ್ಮಬಾರದು. ಗುರಿ ತಪ್ಪಿದರೆ ಬಡ್ಡಿ ಏರುತ್ತದೆ. ಹಾಗಾಗಿ ಚಿಮಣಿಯ ಹೊಗೆ ಹಣಕಾಸು ಅಧಿಕಾರಿಯ ಕಡತಕ್ಕೆ ಬಂದು ಕೂತಿತು. ಪರಿಸರ ವಿಭಾಗದ ಕಿರಿಯ ಅಧಿಕಾರಿ ಇಷ್ಟು ವರ್ಷ ಕಳಿಸುತ್ತಿದ್ದ ಅಂಕಿಯನ್ನು ಈಗ ಆಡಳಿತ ಮಂಡಳಿ ಕೇಳಿ ತರಿಸಿಕೊಳ್ಳುತ್ತದೆ.

5. ಗಡಿಯಾಚೆಯ ಗಿರಾಕಿ

ಮೂರನೆಯದು ಮಾರುಕಟ್ಟೆ. ಐರೋಪ್ಯ ಒಕ್ಕೂಟವು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಮೊದಲಾದ ಆಮದುಗಳಿಗೆ ಇಂಗಾಲದ ಗಡಿಸುಂಕ ತಂದಿದೆ. 2023ರ ಅಕ್ಟೋಬರಿನಿಂದ ಬರೀ ಮಾಹಿತಿ ಕೇಳುತ್ತಿದ್ದವರು 2026ರ ಜನವರಿಯಿಂದ ಹಣದ ಲೆಕ್ಕಕ್ಕೆ ಇಳಿದಿದ್ದಾರೆ. ಪಟ್ಟಿಯಲ್ಲಿ ಬೋಲ್ಟು, ನಟ್ಟು, ಸ್ಕ್ರೂ ಕೂಡ ಇವೆ. ವರ್ಷಕ್ಕೆ 50 ಟನ್ನಿಗಿಂತ ಕಡಿಮೆ ತರಿಸಿಕೊಳ್ಳುವ ಆಮದುದಾರರಿಗೆ ವಿನಾಯಿತಿ ಇದೆ. ಅದಕ್ಕಿಂತ ಹೆಚ್ಚಾದರೆ, ಆ ಮಾಲು ತಯಾರಿಸುವಾಗ ಎಷ್ಟು ಇಂಗಾಲ ಹೊಮ್ಮಿತು ಎಂಬ, ಪರಿಶೀಲಿಸಿದ ಅಂಕಿ ಬೇಕು. ಇಲ್ಲದಿದ್ದರೆ ಅವರೇ ಗೊತ್ತುಮಾಡಿದ, ಸಾಮಾನ್ಯವಾಗಿ ದುಬಾರಿಯಾದ, ಅಂಕಿ ಅನ್ವಯವಾಗುತ್ತದೆ. ನಿಮ್ಮ ಲೆಕ್ಕ ನಿಮ್ಮ ಬಳಿ ಇಲ್ಲದಿದ್ದರೆ ಅವರ ಲೆಕ್ಕ ನಿಮ್ಮ ತಲೆಯ ಮೇಲೆ. ಇದು ಬಡದೇಶಗಳ ವ್ಯಾಪಾರಕ್ಕೆ ಹಾಕಿದ ತಡೆಗೋಡೆ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಭಾರತ ಸರ್ಕಾರವೂ ಅದನ್ನು ಎತ್ತಿದೆ. ಆ ವಾದ ದೆಹಲಿಯಲ್ಲಿ ನಡೆಯಲಿ, ನಮ್ಮ ಮೀಟರು ಪೀಣ್ಯದಲ್ಲಿ ಓಡುತ್ತಿರಲಿ.

ಇನ್ನೂ ಹತ್ತಿರದ ಉದಾಹರಣೆ ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಇಟಲಿ, ಜರ್ಮನಿ ನಮ್ಮ ದೊಡ್ಡ ಗಿರಾಕಿಗಳು. 2023ರ ಐರೋಪ್ಯ ಅರಣ್ಯನಾಶ ತಡೆ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಅದಕ್ಕೆ ಪ್ರತಿ ತೋಟದ ಅಕ್ಷಾಂಶ-ರೇಖಾಂಶ ಬೇಕು. ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು 10 ಎಕರೆಗಿಂತ, ದೊಡ್ಡ ತೋಟವಾದರೆ ಸುತ್ತಿನ ಗಡಿಯ ನಕ್ಷೆಯೂ ಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಿದೆ, ಬೇಡಿಕೆಯ ದಿಕ್ಕು ಬದಲಾಗಿಲ್ಲ.

ಮರದ ನೆರಳಿನಲ್ಲಿ ಕಾಫಿ ಬೆಳೆಯುವ ನಮಗೆ ಇದು ವರವಾಗಬೇಕಿತ್ತು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಕೆಳಗೆ ಬೆಳೆದ ಬೀಜವನ್ನು ಬಯಲಿನ ಏಕಬೆಳೆಯ ಕಾಫಿಯಿಂದ ಬೇರೆ ಮಾಡಿ ತೋರಿಸಲು ಇಂಥ ದಾಖಲೆಗಿಂತ ಒಳ್ಳೆಯ ಸಾಧನವಿಲ್ಲ. ಆದರೆ ನಮ್ಮ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಎಷ್ಟೋ ಕಡೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ದಾಯಾದಿಗಳ ನಡುವೆ ಪಾಲಾಗಿಲ್ಲ. ತೋಟದ ಗಡಿ ಯಾವುದೆಂದು ಮೊಬೈಲಿಗೆ ಹೇಳುವ ಮುನ್ನ ಮನೆಯೊಳಗೆ ಇತ್ಯರ್ಥವಾಗಬೇಕು. ಹೊಣೆಗಾರಿಕೆಯ ದಾಖಲೆ ಎಂದರೆ ಕಡೆಗೆ ತಹಶೀಲ್ದಾರ್ ಕಚೇರಿಗೂ ಸಂಬಂಧಿಸಿದ ಕೆಲಸ ಎಂಬುದನ್ನು ಕಾಫಿ ತೋರಿಸುತ್ತಿದೆ. ಅದರ ಖರ್ಚು ಸಣ್ಣ ಬೆಳೆಗಾರನ ಮೇಲೇ ಬಿದ್ದು, ಲಾಭ ರಫ್ತುದಾರನಲ್ಲೇ ಉಳಿದರೆ ಅದು ಅನ್ಯಾಯ. ಆ ದಾಖಲೆಯೂ ಹೆಚ್ಚು ಕಾಲ ನಿಲ್ಲದು.

6. ಹೊಳಪು ಹಾಳೆಯ ವರದಿಗಳು

ಇಷ್ಟೆಲ್ಲ ಹೇಳಿದ ಮೇಲೆ ಎದುರು ಪಕ್ಷದ ಸಾಕ್ಷಿಯನ್ನೂ ಕರೆಯಬೇಕು. 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಪಡೆದ ಕಂಪನಿ ಯಾವುದು? ಸತ್ಯಂ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, ಲೆಕ್ಕಪತ್ರದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. 2015ರ ಸೆಪ್ಟೆಂಬರಿನಲ್ಲಿ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕದಲ್ಲಿ ಕಾರು ಉದ್ಯಮದ ಅಗ್ರಸ್ಥಾನ ಯಾರಿಗೆ ಸಿಕ್ಕಿತ್ತು? ಫೋಕ್ಸ್‌ವ್ಯಾಗನ್‌ಗೆ. ಅದೇ ತಿಂಗಳ 18ರಂದು, ಹೊಗೆ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಸಾಚಾ ಆಗುವ ಸಾಫ್ಟ್‌ವೇರನ್ನು ಅದು ಡೀಸೆಲ್ ಕಾರುಗಳಿಗೆ ಹಾಕಿದೆ ಎಂದು ಅಮೆರಿಕದ ಪರಿಸರ ಸಂಸ್ಥೆ ನೋಟಿಸು ಕೊಟ್ಟಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳು. ದಂಡ, ಪರಿಹಾರ, ದುರಸ್ತಿ ಸೇರಿ ಕಂಪನಿಗೆ 3,000 ಕೋಟಿ ಯೂರೋಗಿಂತ ಹೆಚ್ಚು ಖರ್ಚಾಯಿತು.

ಎರಡರಲ್ಲೂ ವರದಿಗಳ ಕೊರತೆ ಇರಲಿಲ್ಲ. ಹೊರಗಿನವನು ಕೈಹಾಕಿ ನೋಡುವ ತಪಾಸಣೆಯ ಕೊರತೆ ಇತ್ತು. ಸತ್ಯಂ ಲೆಕ್ಕಕ್ಕಂತೂ ಪರಿಶೋಧಕರ ರುಜು ಕೂಡ ಇತ್ತು. ರುಜು ಇದ್ದಮಾತ್ರಕ್ಕೆ ತಪಾಸಣೆ ಆಗಿದೆ ಎಂದಲ್ಲ. ಜೆ.ಆರ್.ಡಿ. ಅವರ 1979ರ ಸಮಿತಿಯ ಪ್ರಸ್ತಾಪ ಮಾಡಿದ್ದು ಇದಕ್ಕೇ. ಸೆಬಿ 2023ರಲ್ಲಿ ಬಿಆರ್‌ಎಸ್‌ಆರ್‌ನ ಮುಖ್ಯ ಅಂಕಿಗಳನ್ನು ಹೊರಗಿನವರು ಪರಿಶೀಲಿಸಬೇಕೆಂದು ಹೇಳಿ, ಮೊದಲ 150 ಕಂಪನಿಗಳಿಂದ ಆರಂಭಿಸಿ ಹಂತಹಂತವಾಗಿ 2026-27ಕ್ಕೆ 1,000 ಕಂಪನಿಗಳನ್ನು ತಲುಪುವ ದಾರಿ ಹಾಕಿದ್ದೂ ಇದೇ ಕಾರಣಕ್ಕೆ. ನನ್ನ ವೃತ್ತಿಯವರು ಇದನ್ನು ಫೀಸಿನ ಹೊಸ ಬಾಬ್ತು ಎಂದಷ್ಟೇ ನೋಡಿದರೆ ಕೆಟ್ಟೆವು. ನೀರಿನ ಮೀಟರಿನ ಬಳಿಗೆ ನಡೆದುಹೋಗಿ ಓದಿಕೊಳ್ಳದ ಪರಿಶೋಧಕ, ಗೋದಾಮಿಗೆ ಹೋಗದೆ ದಾಸ್ತಾನಿಗೆ ರುಜು ಹಾಕಿದವನಿಗೆ ಸಮ.

ಹೊಣೆಯರಿತ ಕಂಪನಿಗಳ ಷೇರು ಹೆಚ್ಚು ಏರುತ್ತದೆಯೇ? ಮೊಜಫರ್ ಖಾನ್, ಜಾರ್ಜ್ ಸೆರಫೀಮ್, ಆರನ್ ಯೂನ್ ಎಂಬ ಮೂವರು ಸಂಶೋಧಕರು 2016ರಲ್ಲಿ, ತಮ್ಮ ಉದ್ಯಮಕ್ಕೆ ನಿಜವಾಗಿ ಸಂಬಂಧಿಸಿದ ವಿಷಯಗಳಲ್ಲಿ ಚೆನ್ನಾಗಿ ನಡೆದುಕೊಂಡ ಕಂಪನಿಗಳು ಹೆಚ್ಚು ಲಾಭ ತಂದವು ಎಂದು ಬರೆದರು. 2022ರಲ್ಲಿ ಲೂಕಾ ಬರ್ಕಿಚ್ಚಿ ಮತ್ತು ಆಂಡ್ರ್ಯೂ ಕಿಂಗ್ ಆ ಅಂಕಿಗಳನ್ನು ಮತ್ತೆ ಜಾಲಾಡಿ, ಆ ತೀರ್ಮಾನ ಅಷ್ಟು ಗಟ್ಟಿಯಲ್ಲ ಎಂದರು. ಈ ಜಗಳ ಮುಗಿದಿಲ್ಲ. ಷೇರು ಬೆಲೆಯ ಆಸೆ ತೋರಿಸಿ ಹೊಣೆಗಾರಿಕೆಯನ್ನು ಮಾರುವುದು ನನಗೆ ಹಿಡಿಸದು. ನಾಳೆ ಬೆಲೆ ಇಳಿದರೆ ಹೊಣೆಯನ್ನೂ ಇಳಿಸಿಬಿಡುತ್ತಾರೆ. ಆದರೆ ಆ ಮೂವರ ಒಂದು ವಿವೇಕವನ್ನು ಉಳಿಸಿಕೊಳ್ಳಬೇಕು: ಎಲ್ಲರೂ ಎಲ್ಲವನ್ನೂ ಅಳೆಯಬೇಕಾಗಿಲ್ಲ. ಸಕ್ಕರೆ ಕಾರ್ಖಾನೆಗೆ ನೀರು ಮುಖ್ಯ, ಗಾರ್ಮೆಂಟ್ಸ್ ಕಾರ್ಖಾನೆಗೆ ಹೆಣ್ಣುಮಕ್ಕಳ ವೇತನ ಮತ್ತು ಸುರಕ್ಷತೆ ಮುಖ್ಯ, ಬ್ಯಾಂಕಿಗೆ ಗ್ರಾಹಕರ ಮಾಹಿತಿಯ ಗೋಪ್ಯತೆ ಮುಖ್ಯ. ಬ್ಯಾಂಕು ತನ್ನ ವರದಿಯಲ್ಲಿ ಕಾಗದ ಉಳಿಸಿದ್ದನ್ನು ನಾಲ್ಕು ಪುಟ ಬರೆದು, ಗ್ರಾಹಕರ ದೂರುಗಳನ್ನು ಒಂದು ಸಾಲಿನಲ್ಲಿ ಮುಗಿಸಿದರೆ ಆ ವರದಿಯಿಂದ ಯಾರಿಗೂ ಲಾಭವಿಲ್ಲ.

7. ಮಾಡಬೇಕಾದ್ದು

ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳಿಗೆ ನನ್ನದು ಒಂದೇ ಸಲಹೆ: ಪುಟ ಕಡಿಮೆ ಮಾಡಿ, ಕೆಟ್ಟ ಸುದ್ದಿಯನ್ನೂ ಹಾಕಿ. ಗುರಿ ತಪ್ಪಿದ ವರ್ಷ ತಪ್ಪಿತೆಂದು ಬರೆದ ಕಂಪನಿಯ ಉಳಿದ ಅಂಕಿಗಳನ್ನು ಓದುಗ ನಂಬುತ್ತಾನೆ. ನಿಮ್ಮ ಸಣ್ಣ ಸರಬರಾಜುದಾರರಿಗೆ 80 ಪ್ರಶ್ನೆಗಳ ಪ್ರಶ್ನಾವಳಿ ಕಳಿಸಿ ಕೈತೊಳೆದುಕೊಳ್ಳುವ ಬದಲು ಎಂಟೇ ಪ್ರಶ್ನೆ ಕೇಳಿ, ಉತ್ತರ ಹುಡುಕಲು ಒಬ್ಬ ಎಂಜಿನಿಯರನ್ನು ಜೊತೆಗೆ ಕಳಿಸಿ.

ಸಣ್ಣ ಉದ್ದಿಮೆದಾರರು ಯಾವ ಕಾನೂನಿಗೂ ಕಾಯದೆ ನಾಲ್ಕು ಪುಸ್ತಕ ಇಡಬಹುದು: ಕರೆಂಟು, ಡೀಸೆಲ್, ನೀರು, ಅಪಘಾತ. ಅಪಘಾತದ ಪುಸ್ತಕದಲ್ಲಿ, ಕೈ ಕೂದಲೆಳೆಯಲ್ಲಿ ಪಾರಾದ ಘಟನೆಗಳನ್ನೂ ಬರೆಯಿರಿ. ವರ್ಷ ಕಳೆದ ಮೇಲೆ ಗಿರಾಕಿ ಕೇಳಲಿ, ಬ್ಯಾಂಕ್ ಕೇಳಲಿ, ಉತ್ತರ ನಿಮ್ಮ ಕಪಾಟಿನಲ್ಲಿರುತ್ತದೆ.

ಇನ್ನು ಈ ಕಾಲೇಜಿಗೆ ಒಂದು ಕೋರಿಕೆ. ನಮ್ಮ ಬಿ.ಕಾಂ. ಪಠ್ಯದಲ್ಲಿ ವಿದ್ಯಾರ್ಥಿಗಳು ರೂಪಾಯಿಯ ಜಮಾ-ಖರ್ಚನ್ನು ಚೆನ್ನಾಗಿ ಕಲಿಯುತ್ತಾರೆ. ಯೂನಿಟ್, ಲೀಟರ್, ಟನ್ನುಗಳ ಲೆಕ್ಕಕ್ಕೆ ಬಂದರೆ ತಡವರಿಸುತ್ತಾರೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಪಾಲಿಟೆಕ್ನಿಕ್‌ನ ಒಬ್ಬೊಬ್ಬ ವಿದ್ಯಾರ್ಥಿಯನ್ನು ಜೊತೆ ಮಾಡಿಕೊಂಡು ಈ ಊರಿನ ಕೈಗಾರಿಕಾ ಪ್ರದೇಶದ ಒಂದೊಂದು ಘಟಕಕ್ಕೆ ಹೋಗಲಿ; ಮಾಲೀಕರ ಒಪ್ಪಿಗೆ ಪಡೆದು ಆ ನಾಲ್ಕು ಪುಸ್ತಕಗಳನ್ನು ಬರೆದುಕೊಡಲಿ. ಕಂಪ್ರೆಸರ್ ಪಕ್ಕ ಗಡಿಯಾರ ಹಿಡಿದು ನಿಂತ ಹುಡುಗ ಅಥವಾ ಹುಡುಗಿಗೆ ನಾಳೆ ಕೆಲಸ ಹುಡುಕುವುದು ಕಷ್ಟವಾಗದು. ಬಿಆರ್‌ಎಸ್‌ಆರ್ ಕೊಡಬೇಕಾದ 1,000 ಕಂಪನಿಗಳಿಗೂ ಅವುಗಳ ಸರಬರಾಜುದಾರರಿಗೂ ಈ ಲೆಕ್ಕ ಬಲ್ಲವರು ಬೇಕಾಗಿದ್ದಾರೆ. ಹಾಗೆ ತಯಾರಾದ ವರದಿಗಳಲ್ಲಿ ಉತ್ತಮವಾದೊಂದನ್ನು, ಬರೆದ ವಿದ್ಯಾರ್ಥಿಯೇ ಇದೇ ವೇದಿಕೆಯಲ್ಲಿ ಓದುವಂತೆ ದತ್ತಿಯ ನಿಯಮದಲ್ಲಿ ಒಂದು ಸಾಲು ಸೇರಿಸಬಹುದೇ ಎಂದು ದಾನಿಗಳ ಕುಟುಂಬದವರನ್ನು ವಿನಯದಿಂದ ಕೇಳಿಕೊಳ್ಳುತ್ತೇನೆ. ಮೊದಲ ವರ್ಷದ ಪುಸ್ತಕಗಳನ್ನು ತಪಾಸಣೆ ಮಾಡುವ ಕೆಲಸವನ್ನು, ಫೀಸಿಲ್ಲದೆ, ನಾನು ವಹಿಸಿಕೊಳ್ಳುತ್ತೇನೆ.